ತಲೆಯ ಮೇಲಿನ ಅಧಿಕಾರ: ಒಂದು ಪದದ ಪಾಡು

ಆರಾಧನೆಯ ವೇಳೆ ಕ್ರೈಸ್ತ ಸ್ತ್ರೀಯರು ತಲೆಯನ್ನು ಮುಚ್ಚಿಕೊಳ್ಳುವ ವಾಡಿಕೆಗೆ ಆಧಾರವಾಗಿ ತೋರಿಸುವುದು ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯವನ್ನು. ಕ್ರಿಸ್ತಶಕ ಮೊದಲ ಶತಮಾನದ ಐದನೆಯ ದಶಕದ ಅನಂತರದ ಈ ಪತ್ರದಲ್ಲಿ ಸ್ತ್ರೀಯು ಸಭೆಯ ನಡುವೆ ಪ್ರಾರ್ಥಿಸುತ್ತಾಳೆ, ಪ್ರವಾದನೆಯನ್ನೂ ನುಡಿಯುತ್ತಾಳೆ. ಅಲ್ಲಿ ಚರ್ಚೆಗೆ ಬಂದಿರುವುದು ಅವಳ ತಲೆ, ಅವಳ ಮಾತಲ್ಲ. ಮುಂದಿನ ಶತಮಾನಗಳು ಈ ಕ್ರಮವನ್ನು ತಿರುವುಮುರುವು ಮಾಡಿದವು.

ಕ್ರಿಸ್ತಪೂರ್ವ 146ರಲ್ಲಿ ನಾಶವಾಗಿ 44ರಲ್ಲಿ ರೋಮನ್ ವಸಾಹತಾಗಿ ಮತ್ತೆ ತಲೆಯೆತ್ತಿದ ಊರು ಕೊರಿಂಥ. ಬಲಿಯರ್ಪಣೆಯ ಹೊತ್ತಿಗೆ ರೋಮನ್ ಪುರುಷರೇ ಮೇಲುಡುಪನ್ನು ತಲೆಯ ಮೇಲೆಳೆದುಕೊಳ್ಳುತ್ತಿದ್ದರು. ಆ ಭಂಗಿಯ ಆಗಸ್ಟಸನ ಶಿಲ್ಪವೊಂದು ಅಲ್ಲಿಯೇ ದೊರೆತಿದೆ. ಹೀಗಿರುವಾಗ ಪುರುಷನು ತಲೆ ಮುಚ್ಚಬಾರದೆಂಬ ಪೌಲನ ಮಾತು ಆ ಊರಿನಲ್ಲಿ ಕಡಿಮೆ ವಿಚಿತ್ರವಾಗಿ ಕೇಳಿರಲಾರದು. ವ್ಯಾಖ್ಯಾನಕಾರರ ಕಣ್ಣು ಮಾತ್ರ ಹೆಚ್ಚಾಗಿ ಸ್ತ್ರೀಯ ಮೇಲೆಯೇ ನೆಟ್ಟಿತು.

ಎಲ್ಲ ತೊಡಕೂ ಕೂಡಿಕೊಂಡಿರುವುದು 10ನೆಯ ವಚನದಲ್ಲಿ. ದೇವದೂತರ ನಿಮಿತ್ತ ಸ್ತ್ರೀಗೆ ತಲೆಯ ಮೇಲೆ ಇರತಕ್ಕದ್ದು 'ಎಕ್ಸೂಸಿಯಾ', ಅಂದರೆ ಅಧಿಕಾರ. ಆ ವಚನದಲ್ಲಿ ಬಟ್ಟೆಯ ಹೆಸರೇ ಇಲ್ಲ. ಹೊಸ ಒಡಂಬಡಿಕೆಯ ಇತರ ಕಡೆಗಳಲ್ಲಿ ಒಬ್ಬರಿಗೆ ಒಂದರ ಮೇಲೆ ಎಕ್ಸೂಸಿಯಾ ಇದೆ ಎಂದರೆ ಅಧಿಕಾರವು ಅವರದೇ. ಆದರೆ ಎರಡನೆಯ ಶತಮಾನದ ಐರೇನಿಯಸನ ಬರಹದಲ್ಲಿಯೇ ಈ ಜಾಗಕ್ಕೆ 'ಮುಸುಕು' ಎಂಬರ್ಥದ ಪದ ಬಂದಿದೆ. ಕೆಲವು ಲ್ಯಾಟಿನ್ ಹಸ್ತಪ್ರತಿಗಳಲ್ಲಿಯೂ ಹಾಗೆಯೇ. 1611ರ ಇಂಗ್ಲಿಷ್ ಅನುವಾದವು ಮೂಲಪದವನ್ನು ಪಠ್ಯದಲ್ಲಿ ಉಳಿಸಿಕೊಂಡಿತು, ಅಂಚಿನ ಟಿಪ್ಪಣಿಯಲ್ಲಿ ಮಾತ್ರ ಅದನ್ನು ಗಂಡನ ಅಧೀನತೆಯನ್ನು ಸೂಚಿಸುವ ಹೊದಿಕೆ ಎಂದು ವಿವರಿಸಿತು. 1952ರ ಪರಿಷ್ಕೃತ ಇಂಗ್ಲಿಷ್ ಬೈಬಲಿನಲ್ಲಿ ಮುಸುಕು ಪಠ್ಯದೊಳಕ್ಕೇ ಇಳಿಯಿತು. 1989ರ ಆವೃತ್ತಿಯಲ್ಲಿ 'ಅಧಿಕಾರದ ಚಿಹ್ನೆ'ಯಾಯಿತು. ಯಾರ ಅಧಿಕಾರ? ಪ್ರಶ್ನೆ ಹಾಗೆಯೇ ಉಳಿಯಿತು.

ಮೂರನೆಯ ಶತಮಾನದ ಆರಂಭದಲ್ಲಿ ಕಾರ್ಥೇಜಿನ ತೆರ್ತುಲ್ಲಿಯನ್ ಕನ್ಯೆಯರ ಮುಸುಕನ್ನು ಕುರಿತೇ ಒಂದು ಗ್ರಂಥ ಬರೆದನು. ಅಲ್ಲಿನ ಸಭೆಯಲ್ಲಿ ಕೆಲವು ವ್ರತಸ್ಥ ಕನ್ಯೆಯರು ಮುಸುಕಿಲ್ಲದೆ ನಿಲ್ಲುವುದನ್ನು ತಮಗೆ ಸಂದ ಗೌರವವೆಂದು ಬಗೆದಿದ್ದರು. ಸತ್ಯದ ಮುಂದೆ ರೂಢಿ ನಿಲ್ಲದೆಂದು ವಾದಿಸಿ ಅವನು ಆ ಗೌರವವನ್ನು ಕಿತ್ತುಕೊಂಡನು. ಅದೇ ಗ್ರಂಥದಲ್ಲಿ ಸ್ತ್ರೀಯು ಸಭೆಯಲ್ಲಿ ಮಾತನಾಡುವುದನ್ನೂ ಬೋಧಿಸುವುದನ್ನೂ ನಿಷೇಧಿಸಿದನು. ಕೊರಿಂಥದಲ್ಲಿ ನುಡಿಯುವವಳಿಗೆ ಹೊದಿಕೆ. ಕಾರ್ಥೇಜಿನಲ್ಲಿ ಹೊದಿಕೆ ಉಳಿದು ನುಡಿ ಹೋಯಿತು.

ಕ್ಯಾಥೊಲಿಕ್ ಸಭೆಯ 1917ರ ಧರ್ಮಸಂಹಿತೆಯ 1262ನೆಯ ವಿಧಿ ಸ್ತ್ರೀಯ ತಲೆಹೊದಿಕೆಯನ್ನು ನಿಯಮವಾಗಿಸಿತ್ತು. 1983ರ ಸಂಹಿತೆಯಲ್ಲಿ ಆ ವಿಧಿ ಇಲ್ಲ.

ಕನ್ನಡಕ್ಕೆ ಈ ಪತ್ರ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ, ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನ ಅನುವಾದದ ಮೂಲಕ. ಆದವಾನಿ, ರಾಯದುರ್ಗಗಳೂ ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಸೀರೆಯುಡುವ ನಾಡಿನಲ್ಲಿ ಹೊದಿಕೆಗೆ ಬೇರೆ ಬಟ್ಟೆ ಬೇಕಿಲ್ಲ, ಸೆರಗೇ ಸಾಕು. ಆದರೆ ಸೆರಗಿಗೆ ತನ್ನದೇ ಅರ್ಥವಿದೆ: ಹಿರಿಯರೆದುರು ಅದನ್ನು ತಲೆಯ ಮೇಲೆಳೆದುಕೊಳ್ಳುವುದು ಮರ್ಯಾದೆ, ತಗ್ಗಿ ನಡೆವುದರ ಗುರುತು. ಆದ್ದರಿಂದ ಕನ್ನಡದ ಓದುಗಳಿಗೆ ಮೂಲದ ಪದಕ್ಕಿಂತ 1611ರ ಅಂಚಿನ ಟಿಪ್ಪಣಿಯೇ ಸಹಜವೆನಿಸುತ್ತದೆ. 'ಅಧಿಕಾರ', 'ಅಧೀನ' ಎರಡೂ ಒಂದೇ ಉಪಸರ್ಗದಿಂದ ಹೊರಡುವ ಪದಗಳು. ಅನುವಾದಕನು ಯಾವುದರ ಕಡೆಗೆ ಹೊರಳುತ್ತಾನೆಂಬುದನ್ನು ವ್ಯಾಕರಣಕ್ಕಿಂತ ಹೆಚ್ಚಾಗಿ ಸೆರಗೇ ತೀರ್ಮಾನಿಸುತ್ತದೆ.