ಯೀಸ್ಟ್ ಕೋಶ ವಿಭಜನೆಯ ಅಂತಿಮ ಹಂತ: ನಿಯಂತ್ರಣ ಮತ್ತು ಕೃಷಿಯಲ್ಲಿ ಅದರ ಮಹತ್ವ

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಮತ್ತು ದ್ರಾಕ್ಷಿ ರಸವನ್ನು ವೈನ್ ಆಗಿ ಹುದುಗಿಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ ಒಂದು ಏಕಕೋಶ ಶಿಲೀಂಧ್ರ. ಬೆಳೆಗಳಿಗೆ ರೋಗ ತರುವ ಅನೇಕ ಶಿಲೀಂಧ್ರಗಳು ಇದರ ದೂರದ ಬಂಧುಗಳು. ಯೀಸ್ಟ್ ಹೇಗೆ ವಿಭಜನೆಗೊಳ್ಳುತ್ತದೆ ಎಂಬುದನ್ನು ಅರಿತರೆ, ನೀವು ಸಿಂಪಡಿಸುವ ಕೆಲವು ಶಿಲೀಂಧ್ರನಾಶಕಗಳು ಯಾವ ಹಂತದಲ್ಲಿ ಕೆಲಸ ಮಾಡುತ್ತವೆ, ಏಕೆ ಕೆಲವೊಮ್ಮೆ ವಿಫಲವಾಗುತ್ತವೆ ಎಂಬುದೂ ತಿಳಿಯುತ್ತದೆ.

ಮೊಗ್ಗಿನ ಮೂಲಕ ವಿಭಜನೆ

ಈ ಯೀಸ್ಟ್ ನಡುವೆ ಸೀಳಿ ಎರಡಾಗುವುದಿಲ್ಲ. ತಾಯಿ ಕೋಶದ ಒಂದು ಬದಿಯಲ್ಲಿ ಮೊಗ್ಗು ಮೂಡಿ, ಬೆಳೆದು, ಕೊನೆಗೆ ಮರಿ ಕೋಶವಾಗಿ ಬೇರ್ಪಡುತ್ತದೆ. ಪೋಷಕಾಂಶ ಸಮೃದ್ಧವಾಗಿದ್ದು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದ್ದಾಗ ಈ ಚಕ್ರಕ್ಕೆ ಸುಮಾರು 90 ನಿಮಿಷ ಸಾಕು. ತಾಯಿ ಮತ್ತು ಮೊಗ್ಗನ್ನು ಜೋಡಿಸುವ ಕತ್ತು ಸುಮಾರು ಒಂದು ಮೈಕ್ರಾನ್‌ನಷ್ಟೇ ಅಗಲವಿರುತ್ತದೆ. ಸೆಪ್ಟಿನ್ ಎಂಬ ಪ್ರೋಟೀನುಗಳ ಉಂಗುರವು ಆ ಜಾಗವನ್ನು ಚಕ್ರದ ಆರಂಭದಲ್ಲೇ ಗುರುತಿಸಿರುತ್ತದೆ.

ಗೋಡೆ ಏಳಬೇಕಾದ ಸ್ಥಳ ಹೀಗೆ ಮೊದಲೇ ನಿಶ್ಚಿತವಾಗಿರುವುದರಿಂದ, ನಕಲುಗೊಂಡ ವರ್ಣತಂತುಗಳ ಒಂದು ಪಾಲು ಈ ಕಿರಿದಾದ ಕತ್ತನ್ನು ದಾಟಿ ಮೊಗ್ಗನ್ನು ಸೇರಲೇಬೇಕು. ಅದಕ್ಕೆ ಮುನ್ನವೇ ಕತ್ತು ಮುಚ್ಚಿದರೆ ಒಂದು ಕೋಶಕ್ಕೆ ಎರಡು ಕೋಶಕೇಂದ್ರಗಳು ಉಳಿದು, ಇನ್ನೊಂದು ಬರಿದಾಗಿ ಸಾಯುತ್ತದೆ. ಆಸ್ತಿ ಪಾಲಾಗುವ ಮುನ್ನ ನಡುಗೋಡೆ ಎಬ್ಬಿಸುವಂತಿಲ್ಲ. ಅಂತಿಮ ಹಂತದ ನಿಯಂತ್ರಣವೆಲ್ಲವೂ ಈ ಕ್ರಮವನ್ನು ಕಾಯುವುದಕ್ಕಾಗಿಯೇ ಇದೆ.

ಬೀಗ ಮತ್ತು ಕಾವಲು

ವಿಭಜನೆಯನ್ನು ಮುಗಿಸುವ ಅಧಿಕಾರ ಸಿಡಿಸಿ-14 ಎಂಬ ಕಿಣ್ವದ್ದು. ಚಕ್ರದ ಬಹುಭಾಗದಲ್ಲಿ ನೆಟ್-1 ಎಂಬ ಪ್ರೋಟೀನು ಇದನ್ನು ಕೋಶಕೇಂದ್ರದೊಳಗಿನ ಕಿರುಕೇಂದ್ರದಲ್ಲಿ ಹಿಡಿದಿಟ್ಟಿರುತ್ತದೆ. ಈ ಬೀಗ ತೆರೆಯಲು ಟೆಮ್-1 ಎಂಬ ಪ್ರೋಟೀನು ಸಂಕೇತ ನೀಡಬೇಕು. ವರ್ಣತಂತುಗಳನ್ನು ಎಳೆಯುವ ಕದಿರಿನ ತುದಿಯಲ್ಲಿ ಟೆಮ್-1 ಕುಳಿತಿರುತ್ತದೆ. ಅದರ ಪಕ್ಕದಲ್ಲೇ ಇರುವ ಬಬ್-2 ಮತ್ತು ಬಿಎಫ್‌ಎ-1 ಎಂಬ ಜೋಡಿ ಕಾವಲುಗಾರರು ಅದನ್ನು ಸುಮ್ಮನಿರಿಸುತ್ತಾರೆ.

ತಾಯಿ ಕೋಶದಲ್ಲಿರುವ ಕಿನ್-4 ಈ ಕಾವಲನ್ನು ಬಲಪಡಿಸಿದರೆ, ಮೊಗ್ಗಿನಲ್ಲಿರುವ ಎಲ್‌ಟಿಇ-1 ಅದನ್ನು ಸಡಿಲಿಸುತ್ತದೆ. ಕದಿರಿನ ತುದಿ ಕತ್ತನ್ನು ದಾಟಿ ಮೊಗ್ಗನ್ನು ಪ್ರವೇಶಿಸಿದಾಗ ಮಾತ್ರ ಟೆಮ್-1 ಎಚ್ಚರಗೊಳ್ಳುತ್ತದೆ. ಸಂಕೇತವು ಸಿಡಿಸಿ-15, ನಂತರ ಡಿಬಿಎಫ್-2 ಕಿಣ್ವಗಳ ಮೂಲಕ ಸಾಗಿ ಸಿಡಿಸಿ-14 ಅನ್ನು ಪೂರ್ಣವಾಗಿ ಬಿಡುಗಡೆ ಮಾಡುತ್ತದೆ. ವರ್ಣತಂತುಗಳ ಪಾಲು ಸರಿಯಾದ ಸ್ಥಳವನ್ನು ತಲುಪಿದೆ ಎಂಬುದನ್ನು ಕೋಶವು ಅರಿಯುವುದು ಹೀಗೆ.

ಗೋಡೆಯ ನಿರ್ಮಾಣ ಮತ್ತು ಬೇರ್ಪಡೆ

ಬಿಡುಗಡೆಗೊಂಡ ಸಿಡಿಸಿ-14, ವಿಭಜನೆಯನ್ನು ಮುನ್ನಡೆಸುತ್ತಿದ್ದ ಸೈಕ್ಲಿನ್ ಸಂಬಂಧಿತ ಕಿಣ್ವಗಳ ಕೆಲಸವನ್ನು ಹಿಂದಕ್ಕೆ ತಿರುಗಿಸುತ್ತದೆ. ಅಲ್ಲಿಯವರೆಗೆ ಕೋಶದೊಳಗೆ ತಡೆಹಿಡಿಯಲ್ಪಟ್ಟಿದ್ದ ಕೈಟಿನ್ ತಯಾರಿಸುವ ಕಿಣ್ವವು ಕತ್ತಿನೆಡೆಗೆ ಸಾಗುತ್ತದೆ. ಆಕ್ಟಿನ್ ಮತ್ತು ಮಯೋಸಿನ್‌ಗಳ ಉಂಗುರ ಕುಗ್ಗುತ್ತಿದ್ದಂತೆ ಅದರ ಬೆನ್ನಿಗೇ ಕೈಟಿನ್‌ನ ತೆಳು ಗೋಡೆ ಏಳುತ್ತದೆ. ಬಳಿಕ ಅದರ ಎರಡೂ ಬದಿಗೆ ಗ್ಲುಕಾನ್ ಪದರಗಳು ಸೇರುತ್ತವೆ.

ಕೊನೆಯಲ್ಲಿ ಏಸ್-2 ಎಂಬ ಪ್ರೋಟೀನು ಮರಿ ಕೋಶದ ಕೇಂದ್ರವನ್ನು ಮಾತ್ರ ಸೇರಿ, ಕೈಟಿನ್ ಕರಗಿಸುವ ಕಿಣ್ವದ ತಯಾರಿಕೆಗೆ ಚಾಲನೆ ನೀಡುತ್ತದೆ. ಹೀಗಾಗಿ ಗೋಡೆ ಮರಿಯ ಕಡೆಯಿಂದ ಕರಗಿ, ತಾಯಿಯ ಮೈಮೇಲೆ ಕೈಟಿನ್‌ನ ಕಲೆಯೊಂದು ಉಳಿಯುತ್ತದೆ. ಈ ಕಲೆಗಳನ್ನು ಎಣಿಸಿ ತಾಯಿ ಕೋಶ ಎಷ್ಟು ಮರಿಗಳನ್ನು ಹಾಕಿದೆಯೆಂದು ತಿಳಿಯಬಹುದು. ಏಸ್-2 ಇಲ್ಲದ ಯೀಸ್ಟ್‌ನ ಕೋಶಗಳು ಬೇರ್ಪಡದೆ ಗೊಂಚಲುಗಳಾಗಿ ಉಳಿಯುತ್ತವೆ.

ಕೃಷಿಯೊಂದಿಗಿನ ಸಂಬಂಧ

ಉಷ್ಣತೆ ಏರಿದಾಗ ವಿಭಜನೆಯ ನಿರ್ದಿಷ್ಟ ಹಂತದಲ್ಲಿ ನಿಂತುಬಿಡುವ ಯೀಸ್ಟ್ ತಳಿಗಳನ್ನು ಲೆಲ್ಯಾಂಡ್ ಹಾರ್ಟ್‌ವೆಲ್ ಗುರುತಿಸಿದರು. ಇವರು ಪಾಲ್ ನರ್ಸ್ ಮತ್ತು ಟಿಮ್ ಹಂಟ್ ಅವರೊಂದಿಗೆ 2001ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಮೇಲೆ ಹೇಳಿದ ಕಾವಲುಗಾರ ಬಬ್-2 ಪತ್ತೆಯಾದದ್ದು 1991ರಲ್ಲಿ, ಕೃಷಿಯಲ್ಲಿ ಬಳಕೆಯಲ್ಲಿದ್ದ ಬೆಂಜಿಮಿಡಜೋಲ್ ಗುಂಪಿನ ಶಿಲೀಂಧ್ರನಾಶಕದ ಸಹಾಯದಿಂದ. ಆ ಮದ್ದು ತಗುಲಿದಾಗ ಸಾಮಾನ್ಯ ಯೀಸ್ಟ್ ವಿಭಜನೆಯನ್ನು ನಿಲ್ಲಿಸಿ ಕಾಯುತ್ತದೆ. ಬಬ್ ಪ್ರೋಟೀನುಗಳಿಲ್ಲದ ಯೀಸ್ಟ್ ಕಾಯದೆ ಮೊಗ್ಗೊಡೆದು ನಾಶವಾಗುತ್ತದೆ. ಬಬ್ ಎಂಬ ಹೆಸರೇ ಈ ಗುಣದಿಂದ ಬಂದದ್ದು.

ನಮ್ಮ ರೈತರಿಗೆ ಪರಿಚಿತವಾದ ಕಾರ್ಬೆಂಡಜಿಮ್ ಇದೇ ಗುಂಪಿಗೆ ಸೇರಿದೆ. ಅದು ಟ್ಯೂಬುಲಿನ್ ಪ್ರೋಟೀನಿಗೆ ಅಂಟಿಕೊಂಡು ಕದಿರು ರೂಪುಗೊಳ್ಳದಂತೆ ತಡೆಯುತ್ತದೆ. ಕದಿರಿಲ್ಲದೆ ವರ್ಣತಂತುಗಳ ಹಂಚಿಕೆಯಿಲ್ಲ, ಬೀಗವೂ ತೆರೆಯುವುದಿಲ್ಲ. ಆದರೆ ಮದ್ದು ಅಂಟುವ ಜಾಗ ಒಂದೇ. ಟ್ಯೂಬುಲಿನ್‌ನ 198ನೇ ಸ್ಥಾನದಲ್ಲಿರುವ ಅಮೈನೋ ಆಮ್ಲವೊಂದು ಬದಲಾದರೂ ರೋಗಕಾರಕ ಶಿಲೀಂಧ್ರವು ನಿರೋಧಕ ಶಕ್ತಿ ಪಡೆಯಬಲ್ಲದು. ಪ್ರಮಾಣ ಹೆಚ್ಚಿಸಿ ಸಿಂಪಡಿಸಿದರೆ ಉಳಿಯುವುದು ಅಂಥ ನಿರೋಧಕ ತಳಿಗಳೇ.

ಗಮನಿಸಬೇಕಾದ ಅಂಶಗಳು

• ಕಾರ್ಬೆಂಡಜಿಮ್ ಮತ್ತು ಅದೇ ಗುಂಪಿನ ಮದ್ದುಗಳನ್ನು ಒಂದೇ ಹಂಗಾಮಿನಲ್ಲಿ ಪದೇ ಪದೇ ಸಿಂಪಡಿಸಬೇಡಿ.
• ಒಂದೇ ಗುಂಪಿನ ಬೇರೆ ವ್ಯಾಪಾರಿ ಹೆಸರಿನ ಮದ್ದು ಬದಲಾವಣೆ ಎನಿಸುವುದಿಲ್ಲ. ಬೇರೆ ರೀತಿಯಲ್ಲಿ ಕೆಲಸ ಮಾಡುವ ಮದ್ದನ್ನು ಸರದಿಯಲ್ಲಿ ಬಳಸಿ.
• ದ್ರಾಕ್ಷಿಯ ಬೂಜು ತುಪ್ಪಟ ರೋಗ ಹಾಗೂ ಆಲೂಗಡ್ಡೆಯ ಕೊನೆ ಅಂಗಮಾರಿಗೆ ಕಾರ್ಬೆಂಡಜಿಮ್ ಪರಿಣಾಮಕಾರಿಯಲ್ಲ. ಇವುಗಳ ರೋಗಕಾರಕಗಳು ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿಲ್ಲ.
• ಲೇಬಲ್‌ನಲ್ಲಿ ಸೂಚಿಸಿದ ಬೆಳೆ, ಪ್ರಮಾಣ ಮತ್ತು ಕೊಯ್ಲಿಗೆ ಮುಂಚಿನ ಅಂತರವನ್ನು ತಪ್ಪದೆ ಪಾಲಿಸಿ.
• ಸಿಂಪಡಣೆಯ ನಂತರವೂ ರೋಗ ಹತೋಟಿಗೆ ಬಾರದಿದ್ದರೆ ಪ್ರಮಾಣ ಹೆಚ್ಚಿಸದೆ, ರೋಗಪೀಡಿತ ಭಾಗದೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.