ಹಳೆಯ ಸ್ಪೀಕರಿಗೆ ಚಿಕ್ಕ ಬ್ಲೂಟೂತ್ ಆಂಪ್ಲಿಫೈಯರ್: ಗೋವಾದ ಕನ್ನಡ ಕುಟುಂಬಗಳಿಗೆ ಆಯ್ಕೆಯ ಕೈಪಿಡಿ

ವಾಸ್ಕೋ, ಝುವಾರಿನಗರ, ಮಡಗಾಂವ, ಫೋಂಡಾ, ಮಾಪುಸಾ ಮೊದಲಾದೆಡೆ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಮನೆಗಳಲ್ಲಿ ಹಳೆಯ ಟೇಪ್‌ರೆಕಾರ್ಡರಿನ ಅಥವಾ ಹೋಂ ಥಿಯೇಟರಿನ ಸ್ಪೀಕರ್‌ಗಳು ಅಟ್ಟ ಸೇರಿವೆ. ಯಂತ್ರ ಕೆಟ್ಟಿತೆಂದು ಅದರ ಜೊತೆಗೆ ಸ್ಪೀಕರನ್ನೂ ಮೂಲೆಗಿಡುವುದು ವಾಡಿಕೆ. ಆದರೆ ಸ್ಪೀಕರ್ ಅಷ್ಟು ಬೇಗ ಕೆಡುವ ವಸ್ತುವಲ್ಲ. ಅಂಗೈಯಗಲದ ಬ್ಲೂಟೂತ್ ಆಂಪ್ಲಿಫೈಯರ್ ಒಂದನ್ನು ಜೋಡಿಸಿದರೆ ಅದು ಮತ್ತೆ ನುಡಿಯಬಲ್ಲದು. ಎರಡು–ಮೂರು ಸಾವಿರ ರೂಪಾಯಿಯೊಳಗಿನ ಇಂಥ ಯಂತ್ರವನ್ನು ಆರಿಸುವಾಗ ಪಾಲಕರು ಗಮನಿಸಬೇಕಾದ ಸಂಗತಿಗಳನ್ನು ನಾವು ಇಲ್ಲಿ ಕ್ರಮವಾಗಿ ವಿವರಿಸುತ್ತೇವೆ.

ಅಗತ್ಯವೇನು?

ಕನ್ನಡ ಮಾಧ್ಯಮದಲ್ಲಿ ಓದುವ ಮಗು ಶಾಲೆಯ ಬಾಗಿಲು ದಾಟಿದೊಡನೆ ಕೊಂಕಣಿ, ಮರಾಠಿ, ಹಿಂದಿಗಳ ನಡುವೆ ಬೆಳೆಯುತ್ತದೆ. ಮನೆಯಲ್ಲಿ ಆಡುವ ಕನ್ನಡ ಬಹುಪಾಲು ದಿನಬಳಕೆಯದು. ಪಠ್ಯದ ಕನ್ನಡ, ವಾರ್ತೆಯ ಕನ್ನಡ, ನಾಟಕದ ಕನ್ನಡ ಕಿವಿಗೆ ಬೀಳುವ ಅವಕಾಶ ಕಡಿಮೆ. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರವನ್ನು (765 ಕಿಲೋಹರ್ಟ್ಸ್) ಘಟ್ಟದ ಈಚೆ ಸ್ಪಷ್ಟವಾಗಿ ಹಿಡಿಯುವುದು ಸುಲಭವಲ್ಲ. ಮನೆಯ ಎಲ್‌ಇಡಿ ದೀಪ, ಚಾರ್ಜರ್‌ಗಳ ಗೊರಗೊರ ಸದ್ದೂ ಅದಕ್ಕೆ ಸೇರಿಕೊಳ್ಳುತ್ತದೆ. ಅದೇ ಕೇಂದ್ರವು ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ನೇರವಾಗಿ ದೊರೆಯುತ್ತದೆ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಒಬ್ಬರೇ ಕೇಳಬಹುದು, ಮಗುವಿನ ಕಣ್ಣೂ ಪರದೆಗೆ ಅಂಟುತ್ತದೆ. ಮೊಬೈಲನ್ನು ಕಪಾಟಿನ ಮೇಲಿಟ್ಟು ಧ್ವನಿಯನ್ನು ಮಾತ್ರ ಸ್ಪೀಕರಿಗೆ ಕಳಿಸಿದರೆ ಅಡುಗೆ ಮಾಡುವ ತಾಯಿಯೂ ಹೋಂವರ್ಕ್ ಮುಗಿಸಿದ ಮಗುವೂ ಒಟ್ಟಿಗೆ ಕೇಳಬಹುದು. ಇಷ್ಟು ಉದ್ದೇಶಕ್ಕೆ ದೊಡ್ಡ ಯಂತ್ರ ಬೇಕಿಲ್ಲ ಎಂಬುದೇ ಈ ಲೇಖನದ ಮುಖ್ಯ ಮಾತು.

ಮೊದಲು ಸ್ಪೀಕರಿನ ಪರೀಕ್ಷೆ

ಆಂಪ್ಲಿಫೈಯರನ್ನು ಕೊಳ್ಳುವ ಮೊದಲು ಮನೆಯಲ್ಲಿರುವ ಸ್ಪೀಕರ್ ಬದುಕಿದೆಯೇ ಎಂದು ತಿಳಿಯಬೇಕು. ಅದರ ಹಿಂಬದಿಯಲ್ಲಿ 4, 6 ಅಥವಾ 8 ಓಮ್ ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮಲ್ಟಿಮೀಟರಿನಲ್ಲಿ ಅಳೆದಾಗ 8 ಓಮ್ ಸ್ಪೀಕರ್ ಸುಮಾರು 6ರಿಂದ 7 ಓಮ್ ತೋರಿಸಿದರೆ, 4 ಓಮ್‌ನದು 3ಕ್ಕಿಂತ ತುಸು ಹೆಚ್ಚು ತೋರಿಸಿದರೆ ಅದು ಸರಿಯಾಗಿದೆ. ಮುಳ್ಳು ಕದಲದಿದ್ದರೆ ಒಳಗಿನ ಸುರುಳಿ ಸುಟ್ಟಿದೆ ಅಥವಾ ತಂತಿ ಕಡಿದಿದೆ ಎಂದರ್ಥ.

ಮೀಟರ್ ಇಲ್ಲದವರು 1.5 ವೋಲ್ಟಿನ ಸಾಮಾನ್ಯ ಸೆಲ್ಲಿನ ಎರಡು ತುದಿಗಳನ್ನು ಸ್ಪೀಕರಿನ ತಂತಿಗಳಿಗೆ ಕ್ಷಣಮಾತ್ರ ತಾಗಿಸಿ ನೋಡಬಹುದು. ‘ಟಕ್’ ಎಂಬ ಸದ್ದಿನೊಡನೆ ಕಾಗದದ ಶಂಕು ಅಲುಗಿದರೆ ಸ್ಪೀಕರ್ ಬದುಕಿದೆ. ಶಂಕು ಮುಂದಕ್ಕೆ ಬಂದರೆ ಸೆಲ್ಲಿನ ಧನ ತುದಿ ತಾಗಿದ ತಂತಿಯೇ ಸ್ಪೀಕರಿನ ಧನ ತಂತಿ. ತೀರ ಚಿಕ್ಕ ಟ್ವೀಟರಿಗೆ ಈ ಪರೀಕ್ಷೆ ಬೇಡ. ಬಳಿಕ ಶಂಕುವಿನ ಅಂಚನ್ನು ನೋಡಿ. ರಬ್ಬರಿನ ಅಂಚು ಬಹುಕಾಲ ಬಾಳುತ್ತದೆ. ಸ್ಪಂಜಿನ ಅಂಚು ತೇವದ ಹವೆಯಲ್ಲಿ ಪುಡಿಯಾಗುತ್ತದೆ. ಪುಡಿಯಾದ ಸ್ಪೀಕರಿಗೆ ಹೊಸ ಆಂಪ್ಲಿಫೈಯರ್ ಕೊಂಡರೆ ಹಣ ವ್ಯರ್ಥ.

ಡಬ್ಬಿಯ ವ್ಯಾಟ್, ಅಡಾಪ್ಟರಿನ ವ್ಯಾಟ್

ಅಗ್ಗದ ಯಂತ್ರಗಳ ಡಬ್ಬಿಯ ಮೇಲೆ 200, 400, 600 ವ್ಯಾಟ್ ಎಂಬ ದೊಡ್ಡ ಅಕ್ಷರಗಳಿರುತ್ತವೆ. ಅದರ ಪಕ್ಕದಲ್ಲಿ ‘ಪಿಎಂಪಿಒ’ ಎಂದಿದ್ದರೆ ಆ ಅಂಕಿಗೆ ಬೆಲೆ ಕೊಡಬೇಕಿಲ್ಲ. ಅದು ಜಾಹೀರಾತಿನ ಅಳತೆ. ನಂಬಬಹುದಾದದ್ದು ‘ಆರ್‌ಎಂಎಸ್’ ವ್ಯಾಟ್. ಅದನ್ನೂ ಪರೀಕ್ಷಿಸುವ ಸರಳ ಲೆಕ್ಕವೊಂದಿದೆ, ಹತ್ತನೆಯ ತರಗತಿಯ ವಿದ್ಯಾರ್ಥಿಯೇ ಅದನ್ನು ಮಾಡಬಲ್ಲನು.

ಜೊತೆಗೆ ಕೊಟ್ಟ ಅಡಾಪ್ಟರನ್ನು ನೋಡಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: 24 ವ್ಯಾಟ್. ಒಳಗೆ ಹೋದದ್ದು 24 ವ್ಯಾಟ್ ಆದಾಗ ಹೊರಗೆ ನಿರಂತರವಾಗಿ 200 ವ್ಯಾಟ್ ಬರಲು ಸಾಧ್ಯವಿಲ್ಲ. ಎರಡು ಸ್ಪೀಕರಿಗೂ ಸೇರಿ ಸುಮಾರು 20 ವ್ಯಾಟ್ ಬಂದರೆ ಅದೇ ಹೆಚ್ಚು.

ಇನ್ನೊಂದು ಮಿತಿ ವೋಲ್ಟೇಜಿನದು. ಇಂದಿನ ಚಿಕ್ಕ ಯಂತ್ರಗಳಲ್ಲಿ ಹೆಚ್ಚಾಗಿರುವುದು ‘ಕ್ಲಾಸ್ ಡಿ’ ಮಾದರಿಯ ಚಿಪ್. ಅದು ವಿದ್ಯುತ್ತನ್ನು ಹೆಚ್ಚು ಬಿಸಿಯಾಗಿ ಕಳೆಯದೆ ಬಳಸುವುದರಿಂದಲೇ ಯಂತ್ರ ಇಷ್ಟು ಚಿಕ್ಕದಾಗಿದೆ. ಅದರಿಂದ ಒಂದು ಸ್ಪೀಕರಿಗೆ ಸ್ವಚ್ಛವಾಗಿ ದೊರೆಯಬಹುದಾದ ಗರಿಷ್ಠ ವ್ಯಾಟ್ ಎಂದರೆ, ವೋಲ್ಟಿನ ವರ್ಗವನ್ನು ಓಮ್‌ನ ಎರಡರಷ್ಟರಿಂದ ಭಾಗಿಸಿದಾಗ ಬರುವ ಸಂಖ್ಯೆ. ಅದರಂತೆ:

• 12 ವೋಲ್ಟ್, 8 ಓಮ್ ಸ್ಪೀಕರ್: 9 ವ್ಯಾಟ್
• 12 ವೋಲ್ಟ್, 4 ಓಮ್ ಸ್ಪೀಕರ್: 18 ವ್ಯಾಟ್
• 19 ವೋಲ್ಟ್, 8 ಓಮ್ ಸ್ಪೀಕರ್: ಸುಮಾರು 22 ವ್ಯಾಟ್
• 24 ವೋಲ್ಟ್, 8 ಓಮ್ ಸ್ಪೀಕರ್: 36 ವ್ಯಾಟ್

ವಾಸ್ತವದಲ್ಲಿ ದೊರೆಯುವುದು ಇದಕ್ಕಿಂತ ತುಸು ಕಡಿಮೆ. ಅಡಾಪ್ಟರಿನ ಒಟ್ಟು ವ್ಯಾಟ್ ಅದನ್ನು ಮತ್ತಷ್ಟು ತಗ್ಗಿಸಬಹುದು. ಚಿಪ್ಪಿನ ಹೆಸರು ತಿಳಿದರೆ ಇನ್ನೂ ಸುಲಭ. ಪಿಎಎಂ 8403 ಎಂಬುದು 5 ವೋಲ್ಟಿನಲ್ಲಿ ತಲಾ 3 ವ್ಯಾಟ್ ಕೊಡುವ ಪುಟ್ಟ ಚಿಪ್. ಪಿಎಎಂ 8610 ಸುಮಾರು 10 ವ್ಯಾಟಿನದು. ಟಿಪಿಎ 3116 ಎಂಬುದು 21 ವೋಲ್ಟಿನಲ್ಲಿ 4 ಓಮ್‌ಗೆ ತಲಾ 50 ವ್ಯಾಟಿನವರೆಗೆ ಕೊಡಬಲ್ಲದು, ಆದರೆ ತಕ್ಕ ಅಡಾಪ್ಟರ್ ಇದ್ದರೆ ಮಾತ್ರ.

ಎಷ್ಟು ವ್ಯಾಟ್ ಸಾಕು?

ಮನೆಯ ಸಾಮಾನ್ಯ ಸ್ಪೀಕರಿಗೆ ಒಂದೇ ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಆಸುಪಾಸಿನ ಸದ್ದು ಬರುತ್ತದೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು 60 ಡೆಸಿಬಲ್ ಸುಮಾರಿನದು. ವ್ಯಾಟನ್ನು ಇಮ್ಮಡಿಗೊಳಿಸಿದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಅಂದರೆ ಕಿವಿಗೆ ತುಸುವೇ ಹೆಚ್ಚು. ಆದ್ದರಿಂದ ಹತ್ತು–ಹನ್ನೆರಡು ಅಡಿಯ ಕೋಣೆಯಲ್ಲಿ ವಾರ್ತೆ, ಕಥೆ, ಪದ್ಯ ಕೇಳುವ ಮನೆಗೆ ತಲಾ 10 ವ್ಯಾಟ್ ಧಾರಾಳ. ವಠಾರದ ಹಬ್ಬಕ್ಕೋ ಶಾಲೆಯ ಅಂಗಳದ ಕಾರ್ಯಕ್ರಮಕ್ಕೋ ಇದನ್ನು ಒಯ್ಯುವ ವಿಚಾರವಿದ್ದರೆ, ಅದು ಬೇರೆಯೇ ಬಗೆಯ ಯಂತ್ರದ ಕೆಲಸ, ಇದರಿಂದ ಆಗದು.

ಮಾತಿನ ಸ್ಪಷ್ಟತೆಗೆ ವ್ಯಾಟಿಗಿಂತ ಮುಖ್ಯವಾದುದು ಬೇಸ್ ಮತ್ತು ಟ್ರೆಬಲ್ ತಿರುಗುಗುಂಡಿಗಳು. ಬೇಸ್ ಏರಿಸಿದರೆ ಹಾಡು ಗುಮ್ಮೆನ್ನಬಹುದು. ಮಾತಿನ ವ್ಯಂಜನಗಳು ಮಸುಕಾಗುತ್ತವೆ. ಅಲ್ಪಪ್ರಾಣ ಮಹಾಪ್ರಾಣಗಳ, ಲಕಾರ ಳಕಾರಗಳ ಭೇದವನ್ನು ಮಗು ಕಿವಿಯಿಂದಲೇ ಕಲಿಯಬೇಕಾಗಿರುವುದರಿಂದ, ಈ ಎರಡು ಗುಂಡಿಗಳಿರುವ ಯಂತ್ರವನ್ನೇ ಆರಿಸುವುದು ಲೇಸು.

ಅಡಾಪ್ಟರ್ ಮತ್ತು ಸುರಕ್ಷತೆ

ಅಂಗಡಿಗಳಲ್ಲಿ ಎರಡು ಬಗೆ ಸಿಗುತ್ತವೆ. ಒಂದರಲ್ಲಿ 230 ವೋಲ್ಟಿನ ತಂತಿ ನೇರವಾಗಿ ತಗಡಿನ ಪೆಟ್ಟಿಗೆಯೊಳಗೆ ಹೋಗುತ್ತದೆ. ಸ್ಥಳೀಯವಾಗಿ ಜೋಡಿಸಿದ ಯಂತ್ರಗಳಲ್ಲಿ ಇದು ಸಾಮಾನ್ಯ. ಇನ್ನೊಂದರಲ್ಲಿ ಅಡಾಪ್ಟರ್ ಹೊರಗಿರುತ್ತದೆ, ಪೆಟ್ಟಿಗೆಗೆ 12ರಿಂದ 24 ವೋಲ್ಟ್ ಮಾತ್ರ ಬರುತ್ತದೆ. ಮಕ್ಕಳು ಕೈಯಿಡುವ ಮನೆಗೆ ಎರಡನೆಯದೇ ಯೋಗ್ಯ. ಮೊದಲ ಬಗೆಯದನ್ನು ಕೊಳ್ಳುವುದಾದರೆ ಮೂರು ಪಿನ್ನಿನ ಪ್ಲಗ್ ಮತ್ತು ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರಲೇಬೇಕು.

ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಮನೆಯಲ್ಲಿರುವ 19 ವೋಲ್ಟಿನ ಹಳೆಯ ಲ್ಯಾಪ್‌ಟಾಪ್ ಅಡಾಪ್ಟರನ್ನು ಬಳಸಿ ಹಣ ಉಳಿಸಬಹುದು. ಆದರೆ ಯಂತ್ರದ ಮೇಲೆ 24 ವೋಲ್ಟಿನವರೆಗೆ ನಡೆಯುತ್ತದೆ ಎಂದು ಬರೆದಿದ್ದರೆ ಮಾತ್ರ. 12 ವೋಲ್ಟಿನ ಯಂತ್ರಕ್ಕೆ ಅದನ್ನು ಚುಚ್ಚಿದರೆ ಯಂತ್ರ ಸುಡುತ್ತದೆ.

ಬ್ಲೂಟೂತ್ ಮತ್ತು ಇತರ ದಾರಿಗಳು

ಬ್ಲೂಟೂತ್ 5.0 ಎಂದೋ 5.3 ಎಂದೋ ಬರೆದಿರುವುದರಿಂದ ಧ್ವನಿಯ ಗುಣ ಹೆಚ್ಚುವುದಿಲ್ಲ. ಸುಮಾರು ಹತ್ತು ಮೀಟರ್ ದೂರದವರೆಗೆ ಸಂಪರ್ಕ ನಿಲ್ಲುತ್ತದೆ; ಕೆಂಪುಕಲ್ಲಿನ ದಪ್ಪ ಗೋಡೆ ಅಡ್ಡ ಬಂದರೆ ಅದಕ್ಕಿಂತ ಕಡಿಮೆ. ಟಿವಿಗೆ ಬ್ಲೂಟೂತಿನಿಂದ ಜೋಡಿಸಿದರೆ ತುಟಿಯ ಚಲನೆಗಿಂತ ಮಾತು ತುಸು ತಡವಾಗಿ ಕೇಳಬಹುದು. ಆದ್ದರಿಂದ ತಂತಿಯ ಆಕ್ಸ್ ಕಿಂಡಿಯೂ ಇರುವ ಯಂತ್ರ ಒಳ್ಳೆಯದು. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ: ಅಗ್ಗದ ಯಂತ್ರಗಳು ಗುಪ್ತಸಂಖ್ಯೆ ಕೇಳದೆ ಯಾರ ಮೊಬೈಲಿಗಾದರೂ ಕೂಡಿಕೊಳ್ಳುತ್ತವೆ. ಬಳಸದಿರುವಾಗ ಸ್ವಿಚ್ ಆರಿಸಿಡುವುದೇ ಅದಕ್ಕೆ ಪರಿಹಾರ.

ಎಫ್‌ಎಂ ಇದೆ ಎಂದಮಾತ್ರಕ್ಕೆ ಧಾರವಾಡದ ಮಧ್ಯಮ ತರಂಗ ಪ್ರಸಾರ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಆ್ಯಪ್ ಬೇಕು. ಯುಎಸ್‌ಬಿ ಕಿಂಡಿಯಾದರೋ ನಿಜವಾಗಿ ಉಪಯುಕ್ತ. ಗುರುಗಳು ಓದಿದ ಪದ್ಯ, ಊರಿನ ಅಜ್ಜಿ ಹೇಳಿದ ಕಥೆ ಇವುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಟ್ಟರೆ ಇಂಟರ್‌ನೆಟ್ ಖರ್ಚಿಲ್ಲದೆ, ಮೊಬೈಲ್ ಮನೆಯಲ್ಲಿ ಇಲ್ಲದ ಹೊತ್ತಿನಲ್ಲೂ ಮಗು ಕೇಳಬಹುದು.

ಜೋಡಣೆ ಮತ್ತು ಆರೈಕೆ

ಕೆಂಪು ಕಿಂಡಿಗೆ ಧನ ತಂತಿ, ಕಪ್ಪಿಗೆ ಋಣ ತಂತಿ ಸೇರಿಸಬೇಕು. ಒಂದು ಸ್ಪೀಕರಿಗೆ ತಿರುಗುಮುರುಗಾದರೆ ಧ್ವನಿ ಟೊಳ್ಳಾಗುತ್ತದೆ. ಹಳೆಯ ಯಂತ್ರಗಳಲ್ಲಿ ಎರಡೂ ಸ್ಪೀಕರಿನ ಕಪ್ಪು ತಂತಿಗಳನ್ನು ಒಟ್ಟಿಗೆ ಹೊಸೆದಿರುವುದುಂಟು. ಕ್ಲಾಸ್ ಡಿ ಯಂತ್ರಗಳಿಗೆ ಹಾಗೆ ಮಾಡಕೂಡದು, ಚಿಪ್ ಕೆಡುತ್ತದೆ. ಪ್ರತಿ ಸ್ಪೀಕರಿಗೂ ಎರಡು ಪ್ರತ್ಯೇಕ ತಂತಿಗಳನ್ನು ಎಳೆಯಬೇಕು.

ಕಡಲ ದಂಡೆಯ ಉಪ್ಪುಗಾಳಿಗೆ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ಮಳೆಗಾಲದ ಮುಂಚೆಯೂ ಅನಂತರವೂ ತುದಿಗಳನ್ನು ಕೆರೆದು ಮತ್ತೆ ಬಿಗಿಮಾಡಿ. ಹೊರಗೋಡೆಯ ತೇವಕ್ಕೆ ಸ್ಪೀಕರನ್ನು ಅಂಟಿಸಿಡಬೇಡಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ಗನ್ನೇ ಕಿತ್ತಿಡುವುದು ಕ್ಷೇಮ.

ನೆರೆಹೊರೆಯೂ ನಮ್ಮ ಗಮನದಲ್ಲಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಮನೆಯ ಯಂತ್ರದ ಸದ್ದು ಮನೆಯ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು.

ಖರೀದಿಯ ಹೊತ್ತಿಗೆ

ಅಂಗಡಿಗೆ ಹೋಗುವಾಗ ನಿಮ್ಮ ಸ್ಪೀಕರನ್ನೇ ಒಯ್ಯಿರಿ. ಹಾಡಿನ ಬದಲು ಮಾತನ್ನು ಕೇಳಿ ನೋಡಿ. ಧ್ವನಿಯನ್ನು ಪೂರ್ತಿ ತಗ್ಗಿಸಿದಾಗ ಗುಂಯ್‌ಗುಡುವಿಕೆ ಇದೆಯೇ ಗಮನಿಸಿ. ಅರ್ಧಕ್ಕಿಂತ ಹೆಚ್ಚು ಏರಿಸಿದಾಗ ಮಾತು ಒಡೆಯುತ್ತದೆಯೇ ಪರೀಕ್ಷಿಸಿ. ಅಡಾಪ್ಟರ್ ಬೆಲೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ, ವಾರಂಟಿಯ ಅವಧಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬಿಲ್ಲಿಲ್ಲದ ಅಗ್ಗದ ಮಾಲು ಕೆಟ್ಟರೆ ಕೇಳುವವರಿಲ್ಲ.

ಮಾರಿದವರು ಹೊಣೆ ಹೊರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಲು ಅವಕಾಶವಿದೆ. ಕೊಂಕಣಿ, ಇಂಗ್ಲಿಷ್ ಬಾರದೆಂಬ ಸಂಕೋಚದಿಂದ ಯಾವ ಪಾಲಕರೂ ತಮ್ಮ ದುಡಿಮೆಯ ಹಣವನ್ನು ಬಿಟ್ಟುಕೊಡಬೇಕಿಲ್ಲ.