ಅಜಾನ್ ಕೇಳದ ಕಿವಿ: ಮುಂಬೈಯ ಒಂದು ಚರಿತ್ರೆ

ನಮ್ಮ ಮನೆಗಳಲ್ಲಿ ಮಗು ಹುಟ್ಟಿದ ಕೂಡಲೇ ಅದರ ಬಲಗಿವಿಯಲ್ಲಿ ಅಜಾನ್ ಹೇಳುತ್ತೇವೆ. ಹೇಳಿದ್ದು ಮಗುವಿಗೆ ಕೇಳಿಸಿತೇ ಅಂತ ನೀವು ಯಾವತ್ತಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ವರ್ಷಪೂರ್ತಿ 'ಗಮನ ಇಲ್ಲದವನು' ಅಂತ ಬೈದಿದ್ದೆ. ಅವನಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಆ ನಾಚಿಕೆಯೇ ನನ್ನನ್ನು ಈ ಚರಿತ್ರೆಯತ್ತ ಕರೆದುಕೊಂಡು ಹೋಯಿತು.

ಭಾರತದಲ್ಲಿ ಕಿವುಡ ಮಕ್ಕಳಿಗಾಗಿ ಮೊದಲ ಶಾಲೆ ತೆರೆದದ್ದು ಮುಂಬೈಯಲ್ಲಿ. 1880ರ ದಶಕದ ಮಧ್ಯದಲ್ಲಿ ಕ್ಯಾಥೊಲಿಕ್ ಬಿಷಪ್ ಲಿಯೋ ಮ್ಯೂರಿನ್ ಅದನ್ನು ಆರಂಭಿಸಿದರು. ಅದಕ್ಕೆ ಸ್ವಲ್ಪ ಮೊದಲು, 1880ರಲ್ಲಿ, ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆದಿತ್ತು. ಸನ್ನೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಅಂತ ಅಲ್ಲಿ ನಿರ್ಣಯವಾಯಿತು. ಅದರ ಪ್ರಭಾವ ಜಗತ್ತಿನಾದ್ಯಂತ ದಶಕಗಟ್ಟಲೆ ಉಳಿಯಿತು. ಆದರೆ ಚರಿತ್ರೆಯ ಇನ್ನೊಂದು ಪುಟವನ್ನೂ ನೋಡಿ. ಅದಕ್ಕೂ ಶತಮಾನಗಳ ಹಿಂದೆ ಇಸ್ತಾಂಬುಲಿನ ಉಸ್ಮಾನಿ ಸುಲ್ತಾನರ ಅರಮನೆಯಲ್ಲಿ ಕಿವುಡ ಸೇವಕರಿದ್ದರು. ಸುಲ್ತಾನರ ಎದುರು ಗಟ್ಟಿಯಾಗಿ ಮಾತಾಡುವುದು ಅದಬ್ ಅಲ್ಲವೆಂದು ಆಸ್ಥಾನದವರೂ ಅವರ ಸನ್ನೆ ಭಾಷೆ ಕಲಿಯುತ್ತಿದ್ದರು. ಅಂದರೆ ಸನ್ನೆಯನ್ನು ಕೀಳೆಂದು ಕಾಣುವುದು ಎಲ್ಲ ಕಾಲದ ನಿಯಮವೇನೂ ಆಗಿರಲಿಲ್ಲ.

ಮುಂಬೈಯ ಕಥೆಯಲ್ಲಿ ನಮ್ಮ ಸಮುದಾಯದ ಎರಡು ಹೆಸರುಗಳು ಬರುತ್ತವೆ.

ಮೊದಲನೆಯವರು ಅಲಿ ಯಾವರ್ ಜಂಗ್. ಹೈದರಾಬಾದಿನವರು, ಉಸ್ಮಾನಿಯಾ ಮತ್ತು ಅಲಿಗಢ ವಿಶ್ವವಿದ್ಯಾಲಯಗಳ ಉಪಕುಲಪತಿಗಳಾಗಿದ್ದವರು, ಅಮೆರಿಕದಲ್ಲಿ ನಮ್ಮ ದೇಶದ ರಾಯಭಾರಿಯಾಗಿದ್ದವರು. 1971ರಿಂದ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದು, 1976ರ ಡಿಸೆಂಬರಿನಲ್ಲಿ ಅದೇ ಹುದ್ದೆಯಲ್ಲಿರುವಾಗ ತೀರಿಕೊಂಡರು. 1983ರಲ್ಲಿ ಬಾಂದ್ರಾದಲ್ಲಿ ಆರಂಭವಾದ ಶ್ರವಣ ದೋಷದ ರಾಷ್ಟ್ರೀಯ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟರು. ಕಿವಿಯ ಪರೀಕ್ಷೆ, ಮಾತಿನ ತರಬೇತಿ, ಶಿಕ್ಷಕರ ತಯಾರಿ ಎಲ್ಲವೂ ಅಲ್ಲಿ ನಡೆಯುತ್ತವೆ. 2001ರಲ್ಲಿ ಅಲ್ಲೇ ಭಾರತೀಯ ಸನ್ನೆ ಭಾಷೆಯ ಬೋಧನೆಯೂ ಶುರುವಾಯಿತು. ಮಿಲಾನ್ ಬೇಡವೆಂದಿದ್ದು ಹೀಗೆ ಪಾಠದ ಕೋಣೆಗೆ ಮರಳಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಸನ್ನೆ ಭಾಷೆಗೆ ಮಾನ್ಯತೆ ಕೊಟ್ಟಿದೆ.

ಎರಡನೆಯವರು ಪ್ರೊ. ಒಬೈದ್ ಸಿದ್ದೀಕಿ. ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿಎಚ್‌.ಡಿ. ಮಾಡಿದವರು. ಹೋಮಿ ಭಾಭಾ ಕರೆಯ ಮೇರೆಗೆ 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗ ಕಟ್ಟಿದರು. ಆಮೇಲೆ ಅವರು ಹಿಡಿದದ್ದು ಹಣ್ಣಿನ ನೊಣವನ್ನು! ಬಿಸಿ ತಗುಲಿದರೆ ಸ್ತಬ್ಧವಾಗಿ, ತಂಪಾದರೆ ಮತ್ತೆ ಏಳುವ ನೊಣಗಳ ಮೇಲೆ ಅಮೆರಿಕದ ಸೀಮೋರ್ ಬೆಂಜರ್ ಜೊತೆ ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದರು. ನರದಲ್ಲಿ ವಿದ್ಯುತ್ ಸಂಕೇತ ಹರಿಯುವುದಕ್ಕೂ ಜೀನಿಗೂ ಇರುವ ಸಂಬಂಧ ಅದರಿಂದ ಬೆಳಕಿಗೆ ಬಂತು. ಮುಂದೆ ವಾಸನೆ, ರುಚಿಯನ್ನು ನರಗಳು ಹೇಗೆ ಅರಿಯುತ್ತವೆ ಎಂಬುದರತ್ತ ತಿರುಗಿದರು. ಬೆಂಗಳೂರಿನ ಎನ್‌ಸಿಬಿಎಸ್ ಕಟ್ಟಿದವರೂ ಅವರೇ. 2013ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ನೊಣಕ್ಕೂ ಕಿವುಡುತನಕ್ಕೂ ಏನು ಸಂಬಂಧ ಅಂತೀರಾ? ಸಿದ್ದೀಕಿಯವರು ಕಿವಿಯ ಯಂತ್ರ ಮಾಡಲಿಲ್ಲ, ನಿಜ. ಆದರೆ ನರದ ಭಾಷೆ ವಿದ್ಯುತ್ ಎಂಬ ಅರಿವೇ ಇಂದಿನ ಕಾಕ್ಲಿಯರ್ ಇಂಪ್ಲಾಂಟ್‌ನ ಬುಡ. ಮಾಮೂಲಿ ಶ್ರವಣಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಇಂಪ್ಲಾಂಟ್ ಹಾಗಲ್ಲ. ಕಿವಿಯ ಹಿಂದಿನ ಸಾಧನ ಸದ್ದನ್ನು ಹಿಡಿದು ಸಂಕೇತವಾಗಿಸುತ್ತದೆ. ಒಳಗಿವಿಯಲ್ಲಿ ಕೂರಿಸಿದ ತೆಳುವಾದ ತಂತಿ ಅದನ್ನು ನೇರ ಶ್ರವಣ ನರಕ್ಕೆ ಮುಟ್ಟಿಸುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಮುಂಬೈಯ ಡಾ. ಮಿಲಿಂದ್ ಕೀರ್ತನೆ ಅವರಿಗೆ 2014ರಲ್ಲಿ ಪದ್ಮಶ್ರೀ ಬಂತು. ಬಡ ಮಕ್ಕಳಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಇದು ಸಿಗುತ್ತದೆ. ಅದರ ಹೊಣೆ ಹೊತ್ತಿರುವುದೂ ಬಾಂದ್ರಾದ ಸಂಸ್ಥೆಯೇ.

ಆದರೆ ಇಲ್ಲಿ ಗಡಿಯಾರ ಓಡುತ್ತಿರುತ್ತದೆ. ಹುಟ್ಟಿನಿಂದ ಸದ್ದು ಕೇಳದ ಮಗುವಿನ ಮಿದುಳಿನಲ್ಲಿ ಕೇಳುವುದಕ್ಕೆಂದು ಇರುವ ಜಾಗ ಖಾಲಿ ಕೂರುವುದಿಲ್ಲ, ಬೇರೆ ಕೆಲಸಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಸುಮಾರು ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದವರಿಗೆ ಹೆಚ್ಚು ಫಲ, ಏಳು ದಾಟಿದರೆ ಬಹಳ ಕಡಿಮೆ ಎನ್ನುತ್ತದೆ ಸಂಶೋಧನೆ. ಶಸ್ತ್ರಚಿಕಿತ್ಸೆಯಾದ ಮೇಲೂ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು.

ನಮ್ಮ ಮೊಹಲ್ಲಾಗಳಲ್ಲಿ ಆ ಮೂರು ವರ್ಷ ಹೇಗೆ ಕಳೆಯುತ್ತದೆ, ನಿಮಗೇ ಗೊತ್ತು. 'ಇವನ ಅಬ್ಬಾನೂ ತಡವಾಗಿಯೇ ಮಾತಾಡಿದ್ದು' ಅಂತಾರೆ ದಾದಿ. ಒಂದು ತಾವೀಜ್, ಇನ್ನೊಂದು ದರ್ಗಾ, ಹಾಗೇ ಮತ್ತೊಂದು ರಂಜಾನ್. ದುಆ ಬೇಡ ಅಂತ ನಾನು ಹೇಳುತ್ತಿಲ್ಲ. ದುಆದ ಜೊತೆಗೆ ಪರೀಕ್ಷೆಯೂ ಆಗಲಿ ಅಂತ ಕೇಳುತ್ತಿದ್ದೇನೆ. ಮಲಗಿರುವ ಹಸುಗೂಸಿಗೂ ಕೆಲವೇ ನಿಮಿಷದಲ್ಲಿ, ನೋವಿಲ್ಲದೆ ಪರೀಕ್ಷೆ ಮಾಡಬಹುದು. ಅದಕ್ಕೆ ಮುಂಬೈಗೇ ಹೋಗಬೇಕಿಲ್ಲ. 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ವಯಸ್ಸು ಮೀರಿದ್ದರೂ ದಾರಿ ಮುಚ್ಚಿಲ್ಲ, ಸನ್ನೆ ಭಾಷೆ ಇದೆ. ಅದನ್ನು ಮಗು ಮಾತ್ರ ಕಲಿತರೆ ಸಾಲದು, ಮನೆಯವರೂ ಕಲಿಯಬೇಕು.

ಆ ಹುಡುಗನನ್ನು ನಾನು ಮುಂದಿನ ಬೆಂಚಿಗೆ ಕರೆದದ್ದು ಅವನು ಏಳನೇ ತರಗತಿಯಲ್ಲಿದ್ದಾಗ. ತಡವಾಗಿತ್ತು. ಮುಂದಿನ ಸಲ ನಿಮ್ಮ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಅಜಾನ್ ಹೇಳಿದಾಗ, ಅದೇ ವಾರ ಆ ಕಿವಿಯನ್ನು ಪರೀಕ್ಷೆ ಮಾಡಿಸಿಬಿಡಿ.